ನಿಡೋ ಡಬ್ಬದೊಳಗಿನ ಕ್ಯಾಸೆಟ್

2023ರ ಮೇ ತಿಂಗಳ ಕೊನೆಯ ವಾರ. ಮಳೆ ಹಿಡಿಯುವ ಮೊದಲು ಕಾಪುವಿನ ತವರುಮನೆಯ ಮಾಡು ರಿಪೇರಿ ಮಾಡಿಸಬೇಕೆಂದು ತಮ್ಮ ಫೋನ್ ಮಾಡಿದ್ದ. ಹಂಚು ಇಳಿಸುವ ಮುಂಚೆ ಅಟ್ಟ ಖಾಲಿ ಮಾಡಬೇಕಲ್ಲ. ನಾನೂ ಮಗಳೂ ಬೆಳಗ್ಗೆಯೇ ಉಡುಪಿಯಿಂದ ಬಸ್ಸು ಹತ್ತಿದೆವು. ಹಳೆಯ ಚಾಪೆ, ಒಡೆದ ತೊಟ್ಟಿಲು, ತಾಮ್ರದ ಹಂಡೆ ಎಲ್ಲ ಇಳಿಸಿದ ಮೇಲೆ ಅಡುಗೆಮನೆಯ ನೇರ ಮೇಲಿನ ಮೂಲೆಯಲ್ಲಿ ಹೊಗೆ ಹಿಡಿದು ಕಪ್ಪಾದ ಒಂದು ನಿಡೋ ಡಬ್ಬ ಸಿಕ್ಕಿತು. ಉಪ್ಪ ಗಲ್ಫ್‌ನಿಂದ ರಜೆಗೆ ಬರುವಾಗ ತರುತ್ತಿದ್ದ ಹಾಲಿನ ಪುಡಿಯ ದೊಡ್ಡ ಡಬ್ಬ. ಮುಚ್ಚಳ ತೆಗೆದರೆ ಒಳಗೆ ಮಲ್ಮಲ್ ಬಟ್ಟೆಯಲ್ಲಿ ಸುತ್ತಿದ ವಿಡಿಯೋ ಕ್ಯಾಸೆಟ್ ನೆಟ್ಟಗೆ ನಿಂತಿತ್ತು. ಅದರ ಪಕ್ಕದಲ್ಲಿ ಅಂಗೈಯಷ್ಟು ಸಣ್ಣ ಬಟ್ಟೆಯ ಗಂಟು.

ಕ್ಯಾಸೆಟ್ಟಿನ ಬೆನ್ನಿನ ಮೇಲೆ ನನ್ನ ದೊಡ್ಡಮ್ಮನ ಮಗಳ ಕೈಬರಹ: "ಹೆಣ್ಣು ಮಕ್ಕಳದ್ದು. 24-12-94."

ನಾನು ಅಲ್ಲಿಯೇ ಏಣಿಯ ಮೆಟ್ಟಿಲಲ್ಲಿ ಕುಳಿತುಬಿಟ್ಟೆ. ಅದು ನನ್ನ ಮೈಲಾಂಚಿಯ ರಾತ್ರಿಯ ಕ್ಯಾಸೆಟ್. ಮರುದಿನ ಭಾನುವಾರ ನನ್ನ ನಿಕಾಹ್ ಇತ್ತು. ಉಪ್ಪನಿಗೆ ದಮ್ಮಾಮ್‌ನಿಂದ ರಜೆ ಸಿಕ್ಕಿರಲಿಲ್ಲ. ಗಂಡಸರ ಕಡೆಯ ಕಾರ್ಯಕ್ರಮಕ್ಕೆ ಬಾಡಿಗೆಯ ವಿಡಿಯೋದವರು ಬಂದಿದ್ದರು. ಹೆಂಗಸರ ಕಡೆ ಪರಪುರುಷರು ಕ್ಯಾಮೆರಾ ಹಿಡಿದು ಬರುವುದಕ್ಕೆ ಉಮ್ಮ ಒಪ್ಪಲಿಲ್ಲ. ಮಾಮ ಕುವೈತಿನಿಂದ ತಂದಿದ್ದ, ಹೆಗಲ ಮೇಲೆ ಇಟ್ಟು ಹಿಡಿಯುವ ದೊಡ್ಡ ಕ್ಯಾಮೆರಾವನ್ನು ದೊಡ್ಡಮ್ಮನ ಮಗಳಿಗೆ ಕಲಿಸಿಕೊಟ್ಟರು. ಉಮ್ಮ ಒಂದೇ ಷರತ್ತು ಹಾಕಿದ್ದರು: "ಇದರಲ್ಲಿರುವ ಹೆಣ್ಣು ಮಕ್ಕಳೆಲ್ಲ ನಂಬಿ ನಿಂತವರು. ಇದನ್ನು ನೋಡುವುದು ಹುಡುಗಿಯ ಉಪ್ಪ ಮತ್ತು ನಾವು ಹೆಂಗಸರು. ಬೇರೆ ಯಾರೂ ಅಲ್ಲ." ಆಮೇಲೆ ಊರಿಗೆ ಬಂದಿದ್ದವರೊಬ್ಬರ ಕೈಯಲ್ಲಿ ಕ್ಯಾಸೆಟ್ ದಮ್ಮಾಮ್‌ಗೆ ಹೋಯಿತು. ಕೋಣೆಯ ಇತರರು ರಾತ್ರಿ ಡ್ಯೂಟಿಗೆ ಹೋಗುವವರೆಗೆ ಕಾದು, ಬಾಗಿಲಿಗೆ ಚಿಲಕ ಹಾಕಿ ನೋಡಿದೆ ಎಂದು ಉಪ್ಪ ಕಾಗದ ಬರೆದಿದ್ದರು. ಮುಂದಿನ ರಜೆಯಲ್ಲಿ ಅದನ್ನು ಜೋಪಾನವಾಗಿ ತಂದು ಉಮ್ಮನ ಕೈಗೇ ಕೊಟ್ಟರು.

ಉಪ್ಪ 2011ರಲ್ಲಿ ತೀರಿಕೊಂಡರು. ಉಮ್ಮ 2019ರ ಫೆಬ್ರವರಿಯಲ್ಲಿ. ಫೋಟೋಗಳಿಗೆ ನಿಲ್ಲುವ ಅಭ್ಯಾಸ ಉಮ್ಮನಿಗೆ ಇರಲಿಲ್ಲ. ಅವರು ನಡೆಯುವುದು, ನಗುವುದು, ಮಾತಾಡುವುದು ಈ ಒಂದು ಕ್ಯಾಸೆಟ್ಟಿನಲ್ಲಿ ಬಿಟ್ಟರೆ ಎಲ್ಲಿಯೂ ಇಲ್ಲ. ಅದನ್ನು ನೋಡುವ ಯಂತ್ರವಾದರೋ ನಮ್ಮ ಮನೆಗಳಿಂದ ಯಾವಾಗಲೋ ಮಾಯವಾಗಿತ್ತು.

ಅಂಗಡಿಯಿಂದ ಹಿಂದಿರುಗಿ ಬಂದೆವು

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹಳೆಯ ಕ್ಯಾಸೆಟ್ಟುಗಳನ್ನು ಪೆನ್ ಡ್ರೈವಿಗೆ ಹಾಕಿಕೊಡುವ ಒಂದು ಅಂಗಡಿಗೆ ಮಗಳ ಜೊತೆ ಹೋದೆ. ಅಲ್ಲಿನ ಹುಡುಗ ಒಳ್ಳೆಯವನೇ. "ಬಿಟ್ಟು ಹೋಗಿ ಆಂಟಿ, ಒಂದು ವಾರ ಆಗ್ತದೆ. ಪೂರ್ತಿ ಓಡಿಸಿ ನೋಡ್ಬೇಕು, ಎಲ್ಲಿ ಕಟ್ ಆಗ್ತದೆ ಅಂತ ಕೂತು ನೋಡ್ಬೇಕು" ಎಂದ. ಹೌದು, ಅವನ ಕೆಲಸವೇ ಅದು. ಆದರೆ "ಕೂತು ನೋಡ್ಬೇಕು" ಎಂಬ ಮಾತು ಕೇಳಿದಾಗ ನನ್ನ ಕೈ ಚೀಲವನ್ನು ಬಿಗಿಯಾಗಿ ಹಿಡಿಯಿತು. ಅದರಲ್ಲಿ ತಲೆಯ ಬಟ್ಟೆ ಸರಿಸಿ ಮಲ್ಲಿಗೆ ಮುಡಿದು ಕುಳಿತ ಇಪ್ಪತ್ತು ಮೂವತ್ತು ಮಂದಿ ಹೆಂಗಸರಿದ್ದಾರೆ. ಕೆಲವರು ಈಗ ಅಜ್ಜಿಯರು, ಕೆಲವರು ಮಣ್ಣಿನಡಿ ಸೇರಿದವರು. ಅವರ ಒಪ್ಪಿಗೆ ಕೇಳುವುದು ಎಲ್ಲಿಂದ? ಕ್ಯಾಸೆಟ್ ವಾಪಸು ಚೀಲಕ್ಕೆ ಹಾಕಿ ಬಂದೆ.

ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗಳು ದಾರಿಯಲ್ಲಿ ಹೇಳಿದಳು: "ಉಮ್ಮಾ, ಕಾರ್ಕಳದ ಮನೆಯಲ್ಲಿ ಆ ಹಳೇ ವಿಸಿಆರ್ ಇದೆಯಲ್ಲ. ನಾವೇ ಯಾಕೆ ಮಾಡಬಾರದು?"

ವಿಸಿಆರ್ ಎಂದೊಡನೆ ನನಗೆ ನೆನಪಾಗುವುದು ನನ್ನ ತಪ್ಪು. ಅದನ್ನು ಆಮೇಲೆ ಹೇಳುತ್ತೇನೆ.

ಆ ಯಂತ್ರವನ್ನು ಉಪ್ಪ 1988ರಲ್ಲಿ ತಂದದ್ದು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕಿಂತ ಮೊದಲು ನಮ್ಮವರೆಲ್ಲ ಬೊಂಬಾಯಿಗೆ ಇಳಿದು, ಕಸ್ಟಮ್ಸ್‌ನಲ್ಲಿ ತೆರಿಗೆ ಕಟ್ಟಿ, ಹಗ್ಗ ಬಿಗಿದ ಪೆಟ್ಟಿಗೆಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಬರುತ್ತಿದ್ದರು. 1982ರ ದೆಹಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ನಮ್ಮ ದೇಶಕ್ಕೆ ಬಣ್ಣದ ಟಿವಿ ಬಂತು. ಅದರ ಹಿಂದೆಯೇ ವಿಸಿಆರ್ ಬಂತು. ಮಿಕ್ಕ ಮನೆಗಳಲ್ಲಿ ಅದು ಸಿನಿಮಾ ನೋಡುವ ಪೆಟ್ಟಿಗೆ. ಗಲ್ಫಿನವರ ಮನೆಗಳಲ್ಲಿ ಅದು ಮಾತನಾಡುವ ಕಾಗದ. ಹುಟ್ಟಿದ ಮಗುವನ್ನು ಅಪ್ಪ ಮೊದಲು ನೋಡಿದ್ದು ಅದರಲ್ಲಿ. ಮಗಳ ಮದುವೆಯನ್ನು ನೋಡಿದ್ದೂ ಅದರಲ್ಲಿ.

ಒಂದು ರಮಝಾನಿನಲ್ಲಿ ಉಪ್ಪ ಮಕ್ಕಾದ ತರಾವೀಹ್ ನಮಾಝನ್ನು ಅಲ್ಲಿನ ಟಿವಿಯಿಂದ ರೆಕಾರ್ಡ್ ಮಾಡಿ ಕಳುಹಿಸಿದ್ದರು. ಇಲ್ಲಿ ಹಾಕಿದರೆ ಎಲ್ಲ ಕಪ್ಪು ಬಿಳುಪು! ಟೇಪ್ ಹಾಳಾಗಿದೆ ಎಂದು ಅಂದುಕೊಂಡೆವು. ಹಾಳಾಗಿರಲಿಲ್ಲ. ಆಗ ಸೌದಿಯ ಟಿವಿ ಸೆಕಾಂ ಎಂಬ ಪದ್ಧತಿಯಲ್ಲಿ ಬಣ್ಣ ಕಳುಹಿಸುತ್ತಿತ್ತು, ನಮ್ಮ ದೇಶದ್ದು ಪಾಲ್ ಪದ್ಧತಿ. ಅಲ್ಲಿನ ಬಣ್ಣದ ಭಾಷೆ ನಮ್ಮ ಯಂತ್ರಕ್ಕೆ ಅರ್ಥವಾಗುತ್ತಿರಲಿಲ್ಲ. ಇದು ಯಾವುದೂ ಗೊತ್ತಿಲ್ಲದ ಉಮ್ಮ ನಗುತ್ತಾ ಹೇಳಿದ್ದರು: "ಕಾಬಾ ಕಪ್ಪು, ಇಹ್ರಾಮ್ ಬಿಳಿ. ಇನ್ಯಾವ ಬಣ್ಣ ಬೇಕು ನಿಮಗೆ?"

ಇಂದಿಗೂ ಯಾರದಾದರೂ ಮನೆಯಲ್ಲಿ ಗಲ್ಫಿನ ಹಳೆಯ ಟೇಪ್ ಕಪ್ಪು ಬಿಳುಪಾಗಿ ಕಂಡರೆ ಎಸೆಯಬೇಡಿ. ಹಲವು ಪದ್ಧತಿಗಳನ್ನು ಓದಬಲ್ಲ ಮಲ್ಟಿ ಸಿಸ್ಟಮ್ ಯಂತ್ರದಲ್ಲಿ ಅದರ ಬಣ್ಣ ಮತ್ತೆ ಬರುವ ಸಾಧ್ಯತೆ ಇದೆ.

ಯಂತ್ರದ ಹೊಟ್ಟೆಯೊಳಗೆ

ಕಾರ್ಕಳದ ಮನೆಯ ಕಪಾಟಿನಲ್ಲಿ ವಿಸಿಆರ್ ಸುಮಾರು 2004ರಿಂದ ಮಲಗಿತ್ತು. ಸಿಡಿ ಬಂದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ. ಪ್ಲಗ್ ಹಾಕಿದರೆ ಜೀವವೇ ಇಲ್ಲ. ಮನೆಯವರು "ಗುಜರಿಗೆ ಕೊಡು" ಎಂದರು. ಮಗಳು ಸ್ಕ್ರೂಡ್ರೈವರ್ ತಂದಳು.

ಇಲ್ಲಿ ಒಂದು ಎಚ್ಚರಿಕೆ. ಪ್ಲಗ್ ತೆಗೆದ ಮೇಲೂ ವಿಸಿಆರ್‌ನ ಪವರ್ ಸಪ್ಲೈ ಭಾಗದಲ್ಲಿ ವಿದ್ಯುತ್ ಉಳಿದಿರಬಹುದು. ಅದು ನಮ್ಮ ಕೆಲಸವಲ್ಲ. ಕಾರ್ಕಳ ಬಸ್ಸು ನಿಲ್ದಾಣದ ಹತ್ತಿರ ಹಳೆಯ ಟಿವಿ ಮೆಕ್ಯಾನಿಕ್ ಒಬ್ಬರು ಇದ್ದರು. ಯಂತ್ರವನ್ನು ಮಾತ್ರ, ಕ್ಯಾಸೆಟ್ ಇಲ್ಲದೆ, ಅವರಿಗೆ ಕೊಟ್ಟೆವು. ಉಬ್ಬಿದ್ದ ಎರಡು ಕೆಪಾಸಿಟರ್ ಬದಲಿಸಿಕೊಟ್ಟರು. ದೀಪ ಬಂತು. ಗಡಿಯಾರ ಹನ್ನೆರಡು ಗಂಟೆ ಎಂದು ಮಿನುಗತೊಡಗಿತು. ಎಂಬತ್ತರ ದಶಕದಿಂದ ಅದು ಅಲ್ಲೇ ನಿಂತಿರಬೇಕು, ಅದನ್ನು ಸರಿಪಡಿಸುವುದು ನಮ್ಮ ಮನೆಯಲ್ಲಿ ಯಾರಿಗೂ ಎಂದೂ ಬಂದಿರಲಿಲ್ಲ.

ಎರಡನೆಯ ತೊಂದರೆ ರಬ್ಬರಿನದ್ದು. ಕ್ಯಾಸೆಟ್ ಒಳಗೆ ಎಳೆದುಕೊಳ್ಳುವುದು, ಚಕ್ರ ತಿರುಗಿಸುವುದು ಎಲ್ಲ ಸಣ್ಣ ರಬ್ಬರ್ ಬೆಲ್ಟುಗಳ ಕೆಲಸ. ಹದಿನೈದು ಇಪ್ಪತ್ತು ವರ್ಷ ಸುಮ್ಮನಿದ್ದರೆ ಅವು ಸಡಿಲಾಗುತ್ತವೆ, ಕೆಲವು ಕರಗಿ ಡಾಮರಿನಂತೆ ಅಂಟಿಕೊಳ್ಳುತ್ತವೆ. ಯಂತ್ರ ಕ್ಯಾಸೆಟ್ ನುಂಗಿ, ನಾಲ್ಕೈದು ಸೆಕೆಂಡು ಓಡಿ, ತಾನಾಗಿಯೇ ನಿಂತರೆ ಬಹುಪಾಲು ಇದೇ ಕಾರಣ. ಚಕ್ರ ತಿರುಗುತ್ತಿಲ್ಲ ಎಂದು ಗೊತ್ತಾದೊಡನೆ ಟೇಪ್ ಸಿಕ್ಕಿಕೊಳ್ಳದಿರಲೆಂದು ಯಂತ್ರ ತನ್ನನ್ನು ತಾನೇ ನಿಲ್ಲಿಸುತ್ತದೆ. ಬೆಲ್ಟನ್ನು ಆನ್‌ಲೈನಿನಲ್ಲಿ ತರಿಸಿದೆವು. ಹಳೆಯದನ್ನು ಹತ್ತಿಯಿಂದ ಉಜ್ಜಿ ತೆಗೆಯುವಾಗ ಇಬ್ಬರ ಕೈಯೂ ಮೈಲಾಂಚಿಯಂತಲ್ಲ, ಮಸಿಯಂತೆ ಕಪ್ಪಾಯಿತು.

ಒಮ್ಮೆ ಒಂದು ತಮಾಷೆಯೂ ಆಯಿತು. ಮೇಲಿನ ಮುಚ್ಚಳ ತೆಗೆದು ಕಿಟಕಿಯ ಬಳಿ ಬಿಸಿಲಲ್ಲಿಟ್ಟು ಓಡಿಸಿದರೆ ಯಂತ್ರ ಹುಚ್ಚುಹುಚ್ಚಾಗಿ ಆಡಿತು. ಪ್ಲೇ ಒತ್ತಿದರೆ ನಿಲ್ಲುತ್ತದೆ. ಮತ್ತೆ ಕೆಟ್ಟಿತು ಎಂದು ತಲೆಗೆ ಕೈಹೊತ್ತು ಕೂತೆವು. ಆಮೇಲೆ ತಿಳಿಯಿತು, ವಿಎಚ್‌ಎಸ್ ಕ್ಯಾಸೆಟ್ಟಿನ ಎರಡೂ ತುದಿಯಲ್ಲಿ ಪಾರದರ್ಶಕ ತುಂಡು ಇರುತ್ತದೆ. ಅದರ ಮೂಲಕ ಬೆಳಕು ತೂರಿ ಬಂದರೆ ಟೇಪ್ ಮುಗಿಯಿತೆಂದು ಯಂತ್ರ ತಿಳಿದುಕೊಳ್ಳುತ್ತದೆ. ಕಿಟಕಿಯ ಬಿಸಿಲನ್ನು ನೋಡಿ ಅದು ಟೇಪ್ ಮುಗಿಯಿತೆಂದುಕೊಂಡಿತ್ತು! ಪರದೆ ಎಳೆದೊಡನೆ ಸರಿಯಾಯಿತು.

ಇನ್ನು ಚಿತ್ರ. ಬೆಲೆಯಿಲ್ಲದ ಒಂದು ಹಳೆಯ ಸಿನಿಮಾ ಟೇಪ್ ಹಾಕಿ ಪರೀಕ್ಷೆ ಮಾಡಿದೆವು. ಮಾತು ಸ್ಪಷ್ಟವಾಗಿ ಕೇಳುತ್ತದೆ, ಪರದೆ ಮಾತ್ರ ಹಿಮ ಬಿದ್ದಂತೆ ಬಿಳಿಬಿಳಿ. ಇದು ವಿಸಿಆರ್‌ನ ಅತಿ ಸಾಮಾನ್ಯ ಕಾಯಿಲೆ. ಟೇಪಿನ ಅಗಲ ಅರ್ಧ ಇಂಚು. ಅದರ ಮೇಲಂಚಿನಲ್ಲಿ ಶಬ್ದ, ಕೆಳ ಅಂಚಿನಲ್ಲಿ ಚಿತ್ರಕ್ಕೆ ತಾಳ ಹಾಕಿಕೊಡುವ ಗುರುತುಗಳು, ನಡುವೆ ಓರೆ ಓರೆಯಾಗಿ ಚಿತ್ರ. ಶಬ್ದವನ್ನು ಓದುವ ಹೆಡ್ ಬೇರೆ, ಚಿತ್ರವನ್ನು ಓದುವ ಹೆಡ್ ಬೇರೆ. ಚಿತ್ರದ ಹೆಡ್ಡುಗಳು ನಿಮಿಷಕ್ಕೆ 1500 ಸುತ್ತು ತಿರುಗುವ, ಹೊಳೆಯುವ ಒಂದು ಡ್ರಮ್ಮಿನ ಅಂಚಿನಲ್ಲಿವೆ. ಅವು ಓದುವ ಒಂದೊಂದು ಗೆರೆ ನಮ್ಮ ತಲೆಕೂದಲಿಗಿಂತಲೂ ಸಪೂರ. ಒಂದು ಧೂಳಿನ ಕಣ ಸಾಕು, ಚಿತ್ರ ಹೋಗಲು.

ಹೆಡ್ ಸ್ವಚ್ಛ ಮಾಡುವುದು ಹೀಗೆ. ಪ್ಲಗ್ ತೆಗೆಯಬೇಕು. ಬಿಳಿ ಕಾಗದದ ತುಂಡನ್ನು ಶುದ್ಧ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿ ಡ್ರಮ್ಮಿಗೆ ಹಗುರವಾಗಿ ತಾಗಿಸಿ ಹಿಡಿಯಬೇಕು. ಕಾಗದವನ್ನು ಅಲ್ಲಾಡಿಸಬಾರದು. ಇನ್ನೊಂದು ಕೈಯಲ್ಲಿ ಡ್ರಮ್ಮನ್ನೇ ಮೇಲಿನಿಂದ ಮೆಲ್ಲನೆ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿದೇ ಹೋಗುತ್ತದೆ. ಹತ್ತಿಯೂ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಅತ್ತರು, ಸೆಂಟು, ಡೆಟ್ಟಾಲ್ ಯಾವುದೂ ಬೇಡ. ನಮ್ಮ ಕಾಗದದ ಮೇಲೆ ಕಂದು ಗೆರೆಗಳು ಮೂಡಿದವು. ಒಣಗಲು ಅರ್ಧ ಗಂಟೆ ಬಿಟ್ಟು ಟೇಪ್ ಹಾಕಿದರೆ ಚಿತ್ರ ಬಂತು! ಕೆಳಗೆ ಒಂದು ಗೀಟು ಕುಣಿಯುತ್ತಿತ್ತು. ಟ್ರ್ಯಾಕಿಂಗ್ ಗುಂಡಿ ತಿರುಗಿಸಿದಾಗ ಅದೂ ಇಳಿದುಹೋಯಿತು. ಶಬ್ದ ಎಳೆದಂತೆ, ಅತ್ತಂತೆ ಕೇಳಿದರೆ ಟೇಪನ್ನು ಒತ್ತಿಹಿಡಿಯುವ ರಬ್ಬರ್ ಉರುಳೆಯಲ್ಲಿ ಕೊಳೆ ಇದೆ ಎಂದು ಅರ್ಥ. ಅದನ್ನೂ ಒರೆಸಿದೆವು.

ಬಿಳಿ ಬೂಷ್ಟು

ಯಂತ್ರ ಸಿದ್ಧವಾಯಿತು. ಕ್ಯಾಸೆಟ್ ಸಿದ್ಧವೇ? ಅದನ್ನು ತಿಳಿಯದೆ ಒಳಗೆ ತಳ್ಳುವುದು ದೊಡ್ಡ ತಪ್ಪು.

ನಮ್ಮದು ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೆ, ಪುಸ್ತಕಕ್ಕೆ, ಮದುವೆಯ ಸೀರೆಗೆ ಬೂಷ್ಟು ಹಿಡಿಯುತ್ತದೆ. ಟೇಪಿಗೆ ಹಿಡಿಯದಿರುತ್ತದೆಯೇ? ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದಾಗ ಸುತ್ತಿದ ಟೇಪಿನ ಬದಿ ಕಪ್ಪಗೆ ಹೊಳೆಯುತ್ತಿರಬೇಕು. ಅಲ್ಲಿ ಬಿಳಿ ಪುಡಿ, ಬಿಳಿ ಎಳೆ ಕಂಡರೆ ಬೂಷ್ಟು. ಅಂಥದ್ದನ್ನು ಹಾಗೆಯೇ ಓಡಿಸಿದರೆ ಹೆಡ್ ಮತ್ತೆ ಮುಚ್ಚುತ್ತದೆ, ಆ ಯಂತ್ರದಿಂದ ಬೇರೆ ಟೇಪುಗಳಿಗೂ ಹರಡುತ್ತದೆ. ಟೇಪ್ ಅಂಟಿಕೊಂಡಿದ್ದರೆ ಹರಿದೇ ಹೋಗುತ್ತದೆ.

ನಮ್ಮಲ್ಲಿ ಎರಡು ಕ್ಯಾಸೆಟ್ಟುಗಳಿದ್ದವು. ಗಂಡಸರ ಕಡೆಯ ನಿಕಾಹಿನ ಕ್ಯಾಸೆಟ್ ಇಷ್ಟೂ ವರ್ಷ ಹಾಲಿನ ಗಾಜಿನ ಶೋಕೇಸಿನಲ್ಲಿ, ಬಂದವರಿಗೆಲ್ಲ ಕಾಣುವಂತೆ ಅಡ್ಡ ಮಲಗಿತ್ತು. ಅದು ಒಳಗೆಲ್ಲ ಬಿಳುಚಿಹೋಗಿತ್ತು. ನಿಡೋ ಡಬ್ಬದಲ್ಲಿದ್ದ ಹೆಂಗಸರ ಕ್ಯಾಸೆಟ್ಟಿನ ಹೊರಸುತ್ತಿನ ಅಂಚಿನಲ್ಲಿ ಮಾತ್ರ ಒಂದಿಷ್ಟು ಬಿಳಿ. ಯಾಕೆ ಹೀಗೆ ಎಂದು ಬಟ್ಟೆಯ ಗಂಟನ್ನು ಬಿಚ್ಚಿದೆ. ಒಳಗೆ ಹುರಿದ ಅಕ್ಕಿ.

ತಮ್ಮನ ಹೆಂಡತಿ ಆಗ ಹೇಳಿದಳು: "ಮಾಮಿ ವರ್ಷವೂ ಮಳೆಗೆ ಮೊದಲು ಆ ಡಬ್ಬ ಇಳಿಸಿ ಅಕ್ಕಿ ಬದಲಿಸುತ್ತಿದ್ದರು. ಏನಿದೆ ಅಂತ ಕೇಳಿದರೆ 'ಅಮಾನತ್ತು' ಅನ್ನುತ್ತಿದ್ದರು. ಅವರು ಹೋದ ಮೇಲೆ ನನಗೂ ಮರೆತೇಹೋಯಿತು."

ಒಲೆಯ ಮೇಲಿನ ಒಣ ಅಟ್ಟ, ಗಾಳಿಯಾಡದ ಡಬ್ಬ, ತೇವ ಹೀರುವ ಅಕ್ಕಿ, ನೆಟ್ಟಗೆ ನಿಲ್ಲಿಸಿದ ಕ್ಯಾಸೆಟ್. ತಂಪಾದ ಒಣ ಜಾಗದಲ್ಲಿ, ತೇವ ಹೀರುವ ಪೊಟ್ಟಣದ ಜೊತೆ, ಲಂಬವಾಗಿ ಇಡಬೇಕು ಎಂದು ಈ ವಿಷಯ ಬಲ್ಲವರು ಬರೆಯುತ್ತಾರೆ. ಒಲೆಯ ಬಿಸಿಯೊಂದನ್ನು ಬಿಟ್ಟರೆ ಉಮ್ಮ ಮಾಡಿದ್ದು ಅದೇ. ಉಮ್ಮ ಹೋದ ನಂತರದ ನಾಲ್ಕು ಮಳೆಗಾಲಗಳು ಮಾತ್ರ ಟೇಪಿನ ಅಂಚಿನಲ್ಲಿ ಬಿಳಿಯಾಗಿ ಕುಳಿತಿದ್ದವು.

ಮೊದಲು ಕ್ಯಾಸೆಟ್ಟುಗಳನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬದಲ್ಲಿ ಮೂರು ವಾರ ಇಟ್ಟೆವು. ತೇವವಿರುವ ಬೂಷ್ಟನ್ನು ಒರೆಸಿದರೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಪುಡಿಯಾಗಿ ಉದುರುತ್ತದೆ. ಉಡುಪಿಯ ಒಂದು ಗುಜರಿಯಲ್ಲಿ ಇನ್ನೊಂದು ಹಳೆಯ ವಿಸಿಆರ್ ತಂದೆವು. ಅದನ್ನು ಬೂಷ್ಟಿನ ಟೇಪುಗಳನ್ನು ಸುತ್ತಲು ಮಾತ್ರ ಬಳಸಿದೆವು, ಒಳ್ಳೆಯ ಯಂತ್ರಕ್ಕೆ ಸೋಂಕು ತಾಗಬಾರದಲ್ಲ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಹಿತ್ತಿಲ ಜಗಲಿಯಲ್ಲಿ ಕುಳಿತು, ಎಳೆ ಬಿಡದ ಮೆತ್ತನೆ ಬಟ್ಟೆಯನ್ನು ಟೇಪಿಗೆ ತಾಗಿಸಿ ನಿಧಾನ ಸುತ್ತಿದೆವು. ಒಂದು ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 250 ಮೀಟರ್ ಟೇಪ್ ಇರುತ್ತದೆ. ತಸ್ಬೀಹ್ ಎಣಿಸುವಷ್ಟು ತಾಳ್ಮೆ ಬೇಕು.

ಪ್ರಯೋಗವನ್ನು ಗಂಡಸರ ಕ್ಯಾಸೆಟ್ಟಿನಿಂದಲೇ ಶುರು ಮಾಡಿದೆವು. ಅದು ಎರಡು ಕಡೆ ತುಂಡಾಯಿತು, ಜೋಡಿಸಿದೆವು. ಕೊನೆಗೆ ಓಡಿತು. 1901ರಲ್ಲಿ ಕಟ್ಟಿದ ನಮ್ಮ ಕಾಪುವಿನ ದೀಪಸ್ತಂಭವನ್ನು ವಿಡಿಯೋದವರು ಎರಡು ನಿಮಿಷ ತೋರಿಸಿ, ಆಮೇಲೆ ಚಪ್ಪರ, ಮಾವಂದಿರು, ಖಾಝಿಯವರು. ಮದುಮಗ ಕುಳಿತು ಇನ್ನೇನು ನಿಕಾಹ್ ಆಗಬೇಕು ಎನ್ನುವಷ್ಟರಲ್ಲಿ ಪರದೆಯ ಮೇಲೆ ಕ್ರಿಕೆಟ್! 1996ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ನಡೆದ ಭಾರತ ಪಾಕಿಸ್ತಾನ ವಿಶ್ವಕಪ್ ಪಂದ್ಯವನ್ನು ತಮ್ಮ ಅದರ ಮೇಲೆಯೇ ರೆಕಾರ್ಡ್ ಮಾಡಿದ್ದ. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಚೂರನ್ನು ಮುರಿದಿದ್ದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುತ್ತಿರಲಿಲ್ಲ. ಅರುವತ್ತರ ಹತ್ತಿರದ ನನ್ನ ಮನೆಯವರು ತಮ್ಮ ನಿಕಾಹ್ ಹುಡುಕುತ್ತಾ ಜಡೇಜಾನ ಬ್ಯಾಟಿಂಗ್ ನೋಡಿದರು. ನಗಬೇಕೋ ಅಳಬೇಕೋ ತಿಳಿಯದೆ ಎಲ್ಲರೂ ನಕ್ಕೆವು.

ನನ್ನ ತಪ್ಪು

ಈಗ ಹೆಂಗಸರ ಕ್ಯಾಸೆಟ್. ನನ್ನ ಕೈ ನಡುಗುತ್ತಿತ್ತು. ಅದಕ್ಕೆ ಕಾರಣವಿದೆ.

1996ರ ಜುಲೈ. ಕಾರ್ಕಳದ ನನ್ನ ನಾದಿನಿ ಹೆರಿಗೆಯ ಕಾರಣ ಮದುವೆಗೆ ಬಂದಿರಲಿಲ್ಲ. ಅವಳಿಗೆ ಮೈಲಾಂಚಿಯ ರಾತ್ರಿ ತೋರಿಸಬೇಕೆಂಬ ಹಠ ನನಗೆ. "ಮಳೆ ಬಿಡಲಿ ಮಗಾ" ಎಂದರು ಉಮ್ಮ. ನಾನು ಕೇಳಲಿಲ್ಲ. ವಿಸಿಆರ್ ಮತ್ತು ಕ್ಯಾಸೆಟ್ ಎರಡನ್ನೂ ಜೀಪಿನಲ್ಲಿಟ್ಟುಕೊಂಡು ಶಿರ್ವ, ಬೆಳ್ಮಣ್ ದಾರಿಯಾಗಿ ಸುರಿಯುವ ಮಳೆಯಲ್ಲಿ ಕಾರ್ಕಳಕ್ಕೆ ಹೋದೆ. ತಣ್ಣಗಾಗಿದ್ದ ಯಂತ್ರವನ್ನು ಜನ ತುಂಬಿದ ಬೆಚ್ಚಗಿನ ಹಾಲಿನಲ್ಲಿಟ್ಟು, ಮೇಲಿನ ನೀರು ಒರೆಸಿ, ಆ ಕ್ಷಣವೇ ಕ್ಯಾಸೆಟ್ ಹಾಕಿದೆ. ಎಲ್ಲ ಹೆಂಗಸರೂ ಸುತ್ತ ಕುಳಿತಿದ್ದರು. ಹತ್ತು ನಿಮಿಷ ಓಡಿ ಕರಕರ ಶಬ್ದ ಬಂತು. ಚಿತ್ರ ನಿಂತಿತು. ಗಾಬರಿಯಿಂದ ನಾನು ಎಜೆಕ್ಟ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದೆ. ಕ್ಯಾಸೆಟ್ ಹೊರಗೆ ಬಂತು, ಟೇಪ್ ಒಳಗೇ ಉಳಿಯಿತು. ಎಳೆದೆ.

ಕಾಪುವಿಗೆ ತಂದುಕೊಟ್ಟಾಗ ಉಮ್ಮ ಬೈಯಲಿಲ್ಲ. ಹೊರಗೆ ಜೋತಾಡುತ್ತಿದ್ದ ಟೇಪನ್ನು ಬೆರಳಿನಿಂದ ನೀವಿ, ಚಕ್ರದೊಳಗೆ ಪೆನ್ಸಿಲ್ ತಿರುಗಿಸಿ ಸುತ್ತಿ, ಒಳಗೆ ತೆಗೆದುಕೊಂಡು ಹೋದರು. ಆ ದಿನದಿಂದ ಆ ಕ್ಯಾಸೆಟ್ಟನ್ನು ನಾನು ನೋಡಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಉಮ್ಮನಿಗೆ ನನ್ನ ಮೇಲೆ ಬೇಸರವಿದೆ, ಅದಕ್ಕೇ ಅಡಗಿಸಿಟ್ಟಿದ್ದಾರೆ ಎಂದುಕೊಂಡೇ ಇಪ್ಪತ್ತಮೂರು ವರ್ಷ ಕಳೆದೆ. ಅವರು ಹೋದರು.

ಏನಾಗಿತ್ತೆಂದು ತಿಳಿದದ್ದು ಈಗ. ತಣ್ಣಗಿನ ಯಂತ್ರವನ್ನು ಬೆಚ್ಚಗಿನ ತೇವದ ಕೋಣೆಗೆ ತಂದರೆ ಫ್ರಿಜ್ಜಿನಿಂದ ತೆಗೆದ ಲೋಟದ ಮೇಲೆ ನೀರು ಕಟ್ಟುವಂತೆ ಡ್ರಮ್ಮಿನ ಮೇಲೂ ಕಣ್ಣಿಗೆ ಕಾಣದ ಇಬ್ಬನಿ ಕೂರುತ್ತದೆ. ಓಡುವ ಟೇಪ್ ಅದಕ್ಕೆ ಅಂಟಿಕೊಂಡು ಸುತ್ತಿಕೊಳ್ಳುತ್ತದೆ. ಕೆಲವು ಯಂತ್ರಗಳಲ್ಲಿ ಇದಕ್ಕೆಂದೇ ಎಚ್ಚರಿಕೆಯ ದೀಪವಿತ್ತು. ಇಲ್ಲದಿದ್ದರೆ ಕ್ಯಾಸೆಟ್ ಹಾಕದೆ ಸ್ವಿಚ್ ಹಾಕಿ ಎರಡು ಗಂಟೆ ಸುಮ್ಮನೆ ಬಿಡಬೇಕಿತ್ತು. ಎರಡೇ ಗಂಟೆ! ಅಷ್ಟು ತಾಳ್ಮೆ ಇಪ್ಪತ್ತೆರಡರ ವಯಸ್ಸಿನಲ್ಲಿ ನನಗಿರಲಿಲ್ಲ. ಟೇಪ್ ಸಿಕ್ಕಿಕೊಂಡಾಗ ಮಾಡಬೇಕಾದದ್ದು ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಕೈಯಿಂದ ಮೆಲ್ಲನೆ ಬಿಡಿಸುವುದು. ಎಳೆಯುವುದಲ್ಲ, ಗುಂಡಿ ಒತ್ತುವುದಲ್ಲ.

ಈ ಸಲ ಮೊದಲೇ ಎರಡು ಗಂಟೆ ಯಂತ್ರ ಹಚ್ಚಿಟ್ಟೆವು. ಮಗಳ ಹಾಸ್ಟೆಲಿನ ಗೆಳತಿಯಿಂದ ತಂದ ಸಣ್ಣ ಯುಎಸ್‌ಬಿ ಸಾಧನವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ವಿಸಿಆರ್‌ನ ಹಳದಿ ಮತ್ತು ಬಿಳಿ ವೈರುಗಳನ್ನು ಅದಕ್ಕೆ ಜೋಡಿಸಿದಳು. ಟೇಪ್ ಎಷ್ಟು ಹೊತ್ತಿನದೋ ಅಷ್ಟೇ ಹೊತ್ತು ಬೇಕು, ಬೇಗ ಮುಗಿಸುವ ದಾರಿಯಿಲ್ಲ. ಮನೆಯ ಗಂಡಸರೆಲ್ಲ ಅಸರ್ ನಮಾಝಿಗೆ ಹೋದ ಮೇಲೆ ಬಾಗಿಲು ಹಾಕಿ ಪ್ಲೇ ಒತ್ತಿದೆವು. ದಮ್ಮಾಮ್‌ನ ಕೋಣೆಯಲ್ಲಿ ಉಪ್ಪ ಹಾಕಿದ ಚಿಲಕ ನೆನಪಾಯಿತು.

ಬಂದರು. ಎಲ್ಲರೂ ಬಂದರು. ದೊಡ್ಡಮ್ಮ, ನೆರೆಯ ಪೂಜಾರ್ತಿ ಅಕ್ಕ, ಶಾಲೆಯ ಗೆಳತಿಯರು, ಮೈಲಾಂಚಿ ತಟ್ಟೆ, ಹಾಡುವ ಹೆಂಗಸರ ಸಾಲು. ಕಾಜೋಲ್ ಕಟ್ಟಿದಂತೆ ತಲೆ ಕಟ್ಟಿಕೊಂಡ ನಾನು! ಮಗಳು ಬಿದ್ದು ಬಿದ್ದು ನಕ್ಕಳು. ಹನ್ನೊಂದನೆಯ ನಿಮಿಷದಲ್ಲಿ ಅಡುಗೆಮನೆಯ ಬಾಗಿಲಿನಿಂದ ಉಮ್ಮ ಬಂದರು. ಹಸಿರು ಸೀರೆ. ಕೈಯಲ್ಲಿ ಹಾಲಿನ ಲೋಟ. ನನ್ನ ಕಡೆಗೆ ಬಗ್ಗಿದರು.

ಅಲ್ಲಿಗೆ ಚಿತ್ರ ಹರಿದುಹೋಯಿತು. ಪರದೆಯ ತುಂಬ ಗೀಟುಗಳು. ನಾನು ಎಳೆದದ್ದು ಅಲ್ಲಿಯೇ.

ಮಗಳು ಟ್ರ್ಯಾಕಿಂಗ್ ತಿರುಗಿಸಿದಳು. ಹಿಂದೆ ಹೋಗಿ ಮತ್ತೆ ಹಾಕಿದಳು. ಇನ್ನೊಂದು ಯಂತ್ರದಲ್ಲಿ ನೋಡಿದಳು. ಸುಕ್ಕು ಟೇಪಿನ ಕೆಳ ಅಂಚನ್ನು ತಿಂದಿತ್ತು. ಚಿತ್ರಕ್ಕೆ ತಾಳ ಹಾಕುವ ಗುರುತು ಇರುವುದು ಅಲ್ಲಿಯೇ. ಅದು ಹೋದರೆ ಚಿತ್ರವಿಲ್ಲ. ಶಬ್ದ ಇರುವುದು ಮೇಲಂಚಿನಲ್ಲಿ. ಅದಕ್ಕೆ ಏನೂ ಆಗಿರಲಿಲ್ಲ. ಗೀಟುಗಳ ಹಿಂದಿನಿಂದ, ಒಂದಕ್ಷರವೂ ಕೆಡದೆ, ಉಮ್ಮನ ಸ್ವರ ಕೇಳಿತು. ನಮ್ಮ ಮನೆಮಾತಿನಲ್ಲಿ, ಬೆಳಗ್ಗಿನಿಂದ ಏನೂ ತಿಂದಿಲ್ಲ, ಒಂದು ಗುಟುಕು ಕುಡಿ, ಉಪ್ಪ ನೋಡುವಾಗ ಮಗಳು ಬಾಡಿದಂತೆ ಕಾಣಬಾರದು ಎನ್ನುತ್ತಿದ್ದರು. ಸುಮಾರು ನಲವತ್ತು ಸೆಕೆಂಡು. ಆಮೇಲೆ ಚಿತ್ರ ಬಂತು. ಉಮ್ಮ ಬೆನ್ನು ತಿರುಗಿಸಿ ಒಳಗೆ ಹೋಗುತ್ತಿದ್ದರು. ಮತ್ತೆ ಕ್ಯಾಮೆರಾಕ್ಕೆ ಅವರು ಸಿಗಲೇ ಇಲ್ಲ.

ನಾನು ಅತ್ತೆ. ನನ್ನ ಅವಸರ ಉಮ್ಮನ ಮುಖವನ್ನು ತೆಗೆದುಕೊಂಡಿತು. ಸ್ವರವನ್ನು ಅಲ್ಲಾಹನು ಉಳಿಸಿಕೊಟ್ಟ. ಅಕ್ಕಿಯ ಗಂಟು ಕಟ್ಟಿಟ್ಟ ಉಮ್ಮನಿಗೆ ನನ್ನ ಮೇಲೆ ಬೇಸರವಿರಲಿಲ್ಲ ಎಂಬುದೂ ಅಂದೇ ಮನಸ್ಸಿಗೆ ಗಟ್ಟಿಯಾಯಿತು. ಬೇಸರವಿದ್ದವರು ಇಪ್ಪತ್ತಕ್ಕಿಂತ ಹೆಚ್ಚು ವರ್ಷ, ಪ್ರತಿ ಮಳೆಗಾಲಕ್ಕೆ ಮೊದಲು, ಏಣಿ ಹತ್ತುವುದಿಲ್ಲ.

ಸಹೋದರಿಯರೇ, ನಿಮ್ಮ ಮನೆಯ ಕಪಾಟಿನಲ್ಲೂ ಅಂಥದ್ದೊಂದು ಕಪ್ಪು ಪೆಟ್ಟಿಗೆ ಇರಬಹುದು. ಜಪಾನಿನ ಫುನಾಯ್ ಕಂಪೆನಿ 2016ರ ಜುಲೈಯಲ್ಲಿ ಕೊನೆಯ ವಿಸಿಆರ್ ತಯಾರಿಸಿ ನಿಲ್ಲಿಸಿತು. ಹೊಸ ಯಂತ್ರ ಇನ್ನು ಸಿಗುವುದಿಲ್ಲ, ಬಲ್ಲ ಮೆಕ್ಯಾನಿಕ್‌ಗಳೂ ಕಡಿಮೆಯಾಗುತ್ತಿದ್ದಾರೆ. ಟೇಪುಗಳನ್ನು ಓದುವ ಯಂತ್ರಗಳು ಸುಮಾರು 2025ರ ಹೊತ್ತಿಗೆ ಸಿಗುವುದೇ ಕಷ್ಟವಾಗಲಿದೆ ಎಂದು ಯುನೆಸ್ಕೋದ ಆಶ್ರಯದಲ್ಲಿ 2019ರಲ್ಲಿಯೇ ಎಚ್ಚರಿಸಿದ್ದರು. ಆ ವರ್ಷವೂ ಬಂದಾಯಿತು. ಬರುವ ಮಳೆಗಾಲಕ್ಕೆ ಮೊದಲು ಕ್ಯಾಸೆಟ್ ಇಳಿಸಿ, ಕಿಟಕಿಯಿಂದ ಬಿಳಿ ಇದೆಯೇ ನೋಡಿ. ಒಣ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿ. ಮನೆಯ ಹೆಣ್ಣು ಮಕ್ಕಳಲ್ಲಿ ಒಬ್ಬಳಾದರೂ ಈ ಕೆಲಸ ಕಲಿಯಲಿ. ಹೊರಗೆ ಕೊಡಲೇಬೇಕಾದರೆ, ಟೇಪಿನಲ್ಲಿರುವವರ ಮಾನವನ್ನು ತನ್ನ ಮನೆಯವರ ಮಾನದಂತೆ ಕಾಣುವವರ ಕೈಗೆ ಕೊಡಿ, ಎದುರಿಗೇ ಕುಳಿತು ಮಾಡಿಸಿಕೊಳ್ಳಿ.

ನಮ್ಮ ಪ್ರತಿಯನ್ನು ಎರಡು ಪೆನ್ ಡ್ರೈವ್‌ನಲ್ಲಿ ಹಾಕಿಟ್ಟಿದ್ದೇವೆ. ಒಂದು ನನ್ನಲ್ಲಿ, ಒಂದು ದೊಡ್ಡಮ್ಮನ ಮಗಳಲ್ಲಿ. ವಾಟ್ಸಾಪಿನಲ್ಲಿ ಯಾರಿಗೂ ಕಳುಹಿಸಿಲ್ಲ. ಉಮ್ಮನ ಷರತ್ತು ಇನ್ನೂ ಮುಗಿದಿಲ್ಲ. ಕ್ಯಾಸೆಟ್ ಮರಳಿ ನಿಡೋ ಡಬ್ಬಕ್ಕೆ ಹೋಯಿತು. ಕಳೆದ ಮೇ ತಿಂಗಳಲ್ಲಿ ಮಗಳು ತಾನಾಗಿಯೇ ಅಡುಗೆಮನೆಗೆ ಹೋಗಿ ಒಂದು ಹಿಡಿ ಅಕ್ಕಿ ಹುರಿಯುತ್ತಿದ್ದಳು. ಸಿಲಿಕಾ ಜೆಲ್ ಇದೆಯಲ್ಲ ಎಂದೆ. "ಇರಲಿ ಉಮ್ಮಾ" ಎಂದಳು.